ಮನೆಗೆ ನುಗ್ಗುವ ಸಿನಿಮಾ ಬರೆಯುತ್ತಿರುವವರಿಗೆ



ಮೊದಲ ಸಿನಿಮಾದ ಕನಸು ಹೊತ್ತು ಥ್ರಿಲ್ಲರ್ ಬರೆಯುತ್ತಿರುವ ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ. ನಾನು ಸಂಕಲನದ ಕೆಲಸದವನು. ನಿಮ್ಮಲ್ಲಿ ಹಲವರು ಶೂಟಿಂಗಿಗೆ ಮೊದಲೇ ಸ್ಕ್ರಿಪ್ಟ್ ತಂದುಕೊಟ್ಟು, "ಸರ್, ಒಮ್ಮೆ ಓದಿ ಹೇಳಿ" ಎನ್ನುತ್ತೀರಿ. ಓದಿದ್ದೇನೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳುವುದಕ್ಕಿಂತ ಎಲ್ಲರೆದುರೇ ಹೇಳುವುದು ಸರಿ ಅನ್ನಿಸಿತು. ನನ್ನ ತಕರಾರು ಒಬ್ಬರ ಕಥೆಯ ಮೇಲಿನದಲ್ಲ, ಎಲ್ಲ ಕಥೆಗಳಲ್ಲೂ ಹಾಸುಹೊಕ್ಕಾಗಿರುವ ಒಂದು ಅಭ್ಯಾಸದ ಮೇಲಿನದು.

ಊರಾಚೆಯ ಒಂಟಿ ಮನೆ, ಒಳಗೊಂದು ಸಂಸಾರ, ನುಗ್ಗಿ ಬರುವ ಮೂರ್ನಾಲ್ಕು ಮಂದಿ, ಒಂದು ರಾತ್ರಿ. ಈ ಕಥೆ ನಿಮ್ಮನ್ನು ಯಾಕೆ ಸೆಳೆಯುತ್ತದೆಂದು ಬಲ್ಲೆ. ಒಂದೇ ಲೊಕೇಶನ್, ಕಡಿಮೆ ಕಲಾವಿದರು, ಹಾಡಿನ ಹಂಗಿಲ್ಲ; ಸಣ್ಣ ಬಂಡವಾಳದವನೂ ಧೈರ್ಯ ಮಾಡಬಹುದು. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ ಅವರು ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಅವರನ್ನಿಟ್ಟುಕೊಂಡು ಒಂದೂ ಹಾಡಿಲ್ಲದ 'ತರ್ಕ'ವನ್ನು ಗೆಲ್ಲಿಸಿದ್ದು ನಮ್ಮ ಕಣ್ಣಮುಂದಿದೆ. 1999ರ ಹಿಂದಿಯ 'ಕೌನ್'ನಲ್ಲಿ ರಾಮ್ ಗೋಪಾಲ್ ವರ್ಮಾಗೆ ಸಾಕಾದದ್ದು ಒಂದು ಮನೆ, ಸುರಿಯುವ ಮಳೆ, ಮೂವರು ನಟರು. ಆದ್ದರಿಂದ ಈ ಕಥೆ ಬಿಡಿ ಎಂದು ನಾನು ಹೇಳುವವನಲ್ಲ. ಹಿಂಸೆ ತೋರಿಸಬೇಡಿ ಎಂದೂ ಹೇಳುವವನಲ್ಲ.

ನನ್ನನ್ನು ಕಾಡುವುದು ನಿಮ್ಮ ಪಾತ್ರಪರಿಚಯದ ಪುಟ. ನುಗ್ಗುವ ನಾಲ್ವರಿಗೂ ಅಲ್ಲಿ ಹೆಸರಿದೆ, ಅಡ್ಡಹೆಸರಿದೆ, ಕಹಿ ಬಾಲ್ಯವಿದೆ, ಒಬ್ಬನಿಗೆ ಬೀಡಿ ಹಚ್ಚುವ ವಿಶಿಷ್ಟ ಶೈಲಿಯೂ ಇದೆ. ಅವರಲ್ಲಿ ಯಾರು ಬಾಗಿಲಿಗೆ ಬಂದಾಗ ಯಾವ ಬಿಜಿಎಂ ಬರಬೇಕೆಂದು ಬರೆದಿದ್ದೀರಿ. ಕತ್ತು ಕೊಯ್ಯಿಸಿಕೊಂಡು ಸಾಯುವವಳ ಎದುರು ಇರುವುದು ಇಷ್ಟೇ: 'ಗೃಹಿಣಿ, 35'. ಅವಳು ಯಾರ ಮಗಳು, ಆ ದಿನ ಮಧ್ಯಾಹ್ನ ಏನು ಮಾಡುತ್ತಿದ್ದಳು, ಅವಳು ಸತ್ತ ಮೇಲೆ ಸ್ಕೂಲಿನಿಂದ ಬರುವ ಮಗುವಿಗೆ ಬಾಗಿಲು ತೆರೆಯುವವರು ಯಾರು ಎಂಬುದು ನೂರಿಪ್ಪತ್ತು ಪುಟಗಳಲ್ಲಿ ಎಲ್ಲೂ ಇಲ್ಲ. ಅವಳು ಸಾಯಲಿಕ್ಕಾಗಿಯೇ ಹುಟ್ಟಿದ ಪಾತ್ರ. ಇದು ಸರಿಯಲ್ಲ, ಮತ್ತು ಇದರಿಂದ ನಿಮ್ಮ ಥ್ರಿಲ್ಲರೂ ಸೊರಗುತ್ತದೆ.

ಈ ಬಗೆಯ ಕಥೆ ಹೆಚ್ಚುಕಡಿಮೆ ಸಿನಿಮಾದಷ್ಟೇ ಹಳೆಯದು. 1901ರಲ್ಲಿ ಪ್ಯಾರಿಸಿನ ರಂಗಭೂಮಿಗೆ ಬಂದ ಆಂದ್ರೆ ದ ಲಾರ್ಡ್‌ನ 'ಟೆಲಿಫೋನಿನಲ್ಲಿ' ಎಂಬ ನಾಟಕದಲ್ಲಿ, ದೂರದಲ್ಲಿರುವ ಗಂಡ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಮನೆಗೆ ಕೊಲೆಗಡುಕರು ನುಗ್ಗುತ್ತಾರೆ. ಪ್ರೇಕ್ಷಕರಿಗೆ ಕಾಣುವುದು ರಿಸೀವರ್ ಹಿಡಿದು ನಿಂತ ಗಂಡ ಮಾತ್ರ. ಅವನ ಮುಖದ ಮೇಲೆಯೇ ಕೊಲೆ ನಡೆಯುತ್ತದೆ. ಅದೇ ಎಳೆ ಹಿಡಿದು 1909ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ 'ದಿ ಲೋನ್ಲಿ ವಿಲಾ' ಮಾಡಿದ. ಬಾಗಿಲು ಒಡೆಯುವ ಕಳ್ಳರು, ಒಳಗೆ ನಡುಗುವ ತಾಯಿ ಮಕ್ಕಳು, ದಾರಿಯಲ್ಲಿ ಓಡೋಡಿ ಬರುವ ಅಪ್ಪ. ಮನೆಯ ಚೂರೊಂದು, ದಾರಿಯ ಚೂರೊಂದು ಎಂದು ಹೆಣೆಯುವ ನನ್ನ ಕಸುಬು ಪಳಗಿದ್ದೇ ಇಂಥ ಚಿತ್ರಗಳಲ್ಲಿ.

ನೀವೆಲ್ಲ ತಪ್ಪದೆ ನೋಡಬೇಕಾದದ್ದು ಮತ್ತೊಂದಿದೆ: ಲೋಯಿಸ್ ವೆಬರ್ ಎಂಬಾಕೆ ಫಿಲಿಪ್ಸ್ ಸ್ಮಾಲಿ ಜೊತೆ ನಿರ್ದೇಶಿಸಿ ತಾನೇ ನಟಿಸಿದ 1913ರ 'ಸಸ್ಪೆನ್ಸ್'. ಹತ್ತೇ ನಿಮಿಷದ್ದು. ಕೆಲಸದಾಕೆ ಬೀಗದ ಕೈಯನ್ನು ಕಾಲೊರಸಿನ ಕೆಳಗಿಟ್ಟು ಹೊರಟುಹೋಗುತ್ತಾಳೆ. ಮನೆಯಲ್ಲಿ ತಾಯಿ ಮತ್ತು ಎಳೆಗೂಸು ಮಾತ್ರ. ಕಿಟಕಿಯಿಂದ ತಾಯಿ ಬಗ್ಗಿ ನೋಡಿದರೆ ಕೆಳಗಿರುವ ಅಲೆಮಾರಿ ತಲೆಯೆತ್ತಿ ನೇರ ನಮ್ಮ ಕಣ್ಣಿಗೇ ಕಣ್ಣು ನೆಡುತ್ತಾನೆ. ಪರದೆಯನ್ನು ತ್ರಿಕೋನದಲ್ಲಿ ಸೀಳಿ ಹೆಂಡತಿ, ಗಂಡ, ನುಗ್ಗುವವನು ಮೂವರನ್ನೂ ಒಟ್ಟಿಗೆ ತೋರಿಸುವ ಕಲ್ಪನೆ ಅವಳಿಗೆ ಆಗಲೇ ಹೊಳೆದಿತ್ತು. ಒಂದು ತೊಟ್ಟು ರಕ್ತವಿಲ್ಲ. ನೂರು ವರ್ಷ ದಾಟಿದರೂ ಎದೆ ಹೊಡೆದುಕೊಳ್ಳುತ್ತದೆ, ಯಾಕೆಂದರೆ ಆ ತಾಯಿ ಮಗುವಿನ ತೊಟ್ಟಿಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಫೋನಿಗೆ ಹೋಗುವ ಪ್ರತಿ ಹೆಜ್ಜೆಯಲ್ಲೂ ನಾವು ಅವಳ ಜೊತೆಗಿದ್ದೇವೆ.

1967ರ 'ವೇಟ್ ಅಂಟಿಲ್ ಡಾರ್ಕ್' ಕೂಡ ಹಾಗೆಯೇ. ಕಣ್ಣು ಕಾಣದ ಸೂಸಿಯಾಗಿ ಆಡ್ರೆ ಹೆಪ್‌ಬರ್ನ್. ನುಗ್ಗಿದವನಿಗೆ ಕಣ್ಣಿದೆ, ಅವಳಿಗಿಲ್ಲ. ಆದರೆ ಮನೆ ಅವಳದು. ಒಂದೊಂದೇ ಬಲ್ಬು ಒಡೆದು ಅವನನ್ನೂ ತನ್ನ ಕತ್ತಲೆಗೆ ಎಳೆದುಕೊಳ್ಳುತ್ತಾಳೆ, ಫ್ರಿಜ್ಜಿನೊಳಗಿನ ದೀಪವೊಂದನ್ನು ಮರೆಯುತ್ತಾಳೆ. ಆ ಒಂದು ದೀಪಕ್ಕೆ ನಾವು ಉಸಿರು ಬಿಗಿಹಿಡಿಯುವಂತೆ ಮಾಡಿದ್ದು ನಿರ್ದೇಶಕ ಟೆರೆನ್ಸ್ ಯಂಗ್‌ನ ತಾಳ್ಮೆ. ಅವಳು ಆ ಮನೆಯಲ್ಲಿ ಹೇಗೆ ಓಡಾಡುತ್ತಾಳೆ, ಯಾವ ವಸ್ತುವನ್ನು ಎಲ್ಲಿಡುತ್ತಾಳೆ ಎಂಬುದನ್ನು ಅವನು ಮೊದಲೇ ನಮಗೆ ಬಾಯಿಪಾಠ ಮಾಡಿಸಿರುತ್ತಾನೆ. ನಿಮ್ಮ ಸ್ಕ್ರಿಪ್ಟುಗಳಲ್ಲಿ ಮನೆ ಎಂದರೆ 'ಲಕ್ಷುರಿ ವಿಲ್ಲಾ, ಇಂಟೀರಿಯರ್, ನೈಟ್'. ಮೀಟರ್ ಬೋರ್ಡ್ ಎಲ್ಲಿದೆ, ಹಿತ್ತಲ ಬಾಗಿಲಿನ ಯಾವ ಚಿಲಕ ಸರಿಯಾಗಿ ಕೂರುವುದಿಲ್ಲ, ಈಳಿಗೆಮಣೆಯನ್ನು ಮಡಚಿ ಎಲ್ಲಿ ಒರಗಿಸುತ್ತಾರೆ ಎಂದು ಬಲ್ಲವಳು ಒಬ್ಬಳೇ, ಅವಳಿಗೆ ನೀವು ಹೆಸರಿಟ್ಟಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಚಿತ್ರಕ್ಕೆ ಬರುತ್ತೇನೆ. ಆಸ್ಟ್ರಿಯಾದ ಮೈಕಲ್ ಹಾನೆಕೆ 1997ರಲ್ಲಿ ಮಾಡಿದ 'ಫನ್ನಿ ಗೇಮ್ಸ್'. ನಿಮ್ಮಲ್ಲಿ ಹಲವರು ಅದನ್ನು ಸ್ಫೂರ್ತಿಯೆಂದು ಬರೆದುಕೊಂಡಿದ್ದೀರಿ. 2007ರಲ್ಲಿ ಹಾನೆಕೆಯೇ ನವೋಮಿ ವಾಟ್ಸ್, ಟಿಮ್ ರಾತ್ ಅವರನ್ನಿಟ್ಟುಕೊಂಡು ಅದನ್ನು ಶಾಟ್ ಶಾಟಿಗೂ ಹಾಗೇ ಇಂಗ್ಲಿಷಿನಲ್ಲಿ ಮತ್ತೆ ಮಾಡಿದ; ನೀವು ನೋಡಿರುವುದು ಬಹುಶಃ ಅದನ್ನೇ. ಮೊದಲಿನದನ್ನೂ ನೋಡಿ. ಅದರಲ್ಲಿ ಗಂಡ ಹೆಂಡತಿಯಾಗಿರುವ ಉಲ್ರಿಕ್ ಮ್ಯೂಹೆ, ಸುಸಾನ ಲೋಥಾರ್ ಬದುಕಿನಲ್ಲೂ ಗಂಡ ಹೆಂಡತಿಯಾಗಿದ್ದವರು.

ಸರೋವರದ ದಡದಲ್ಲಿ ರಜೆಯ ಮನೆ. ಗಂಡ, ಹೆಂಡತಿ, ಚಿಕ್ಕ ಮಗ, ಒಂದು ನಾಯಿ. ಬಿಳಿ ಉಡುಪು, ಬಿಳಿ ಕೈಗವಸಿನ ಒಬ್ಬ ಹುಡುಗ ಅಡುಗೆಮನೆಯ ಬಾಗಿಲಿಗೆ ಬಂದು, ಪಕ್ಕದ ಮನೆಯವರಿಗೆ ಬೇಕು, ನಾಲ್ಕು ಮೊಟ್ಟೆ ಕೊಡುತ್ತೀರಾ ಎಂದು ಬಲು ನಯವಾಗಿ ಕೇಳುತ್ತಾನೆ. ಅವಳು ಕೊಡುತ್ತಾಳೆ. ಬೀಳಿಸುತ್ತಾನೆ. ಮತ್ತೆ ಕೇಳುತ್ತಾನೆ. ನಡುವೆ ಅವಳ ಫೋನನ್ನು ಕೈತಪ್ಪಿದಂತೆ ಸಿಂಕಿನ ನೀರಿಗೆ ಬೀಳಿಸುತ್ತಾನೆ. ಇನ್ನೊಬ್ಬ ಬರುತ್ತಾನೆ. ಹೊತ್ತು ಮುಳುಗುವ ಹೊತ್ತಿಗೆ ಗಂಡನ ಕಾಲು ಮುರಿದಿದೆ, ನಾಯಿ ಸತ್ತಿದೆ, ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ಮೂವರೂ ಸಾಯುತ್ತಾರೆಂದು ಆ ಹುಡುಗರು ಬಾಜಿ ಕಟ್ಟಿದ್ದಾರೆ. ಬಾಗಿಲನ್ನು ಯಾರೂ ಒಡೆಯಲಿಲ್ಲ. ಬಾಗಿಲು ತೆರೆಸಿದ್ದು ಅವಳ ಒಳ್ಳೆಯತನ.

ಮಗನನ್ನು ಗುಂಡಿಟ್ಟು ಕೊಲ್ಲುವ ಹೊತ್ತಿಗೆ ಕ್ಯಾಮೆರಾ ಆ ಕೋಣೆಯಲ್ಲೇ ಇಲ್ಲ. ಅಡುಗೆಮನೆಯಲ್ಲಿ ಒಬ್ಬ ತಿನ್ನಲು ಏನೋ ಮಾಡಿಕೊಳ್ಳುತ್ತಿದ್ದಾನೆ. ಗುಂಡಿನ ಸದ್ದು, ಕಿರುಚಾಟ, ಟಿ.ವಿ.ಯಲ್ಲಿ ಓಡುತ್ತಿರುವ ಕಾರ್ ರೇಸಿನ ಗದ್ದಲ. ಆಮೇಲೆ ಹಾಲ್. ಟಿ.ವಿ. ಪರದೆಯ ಮೇಲೆ ರಕ್ತ. ಕೊಂದವರು ಹೊರಟುಹೋಗಿದ್ದಾರೆ. ಕ್ಯಾಮೆರಾ ನಿಂತಲ್ಲೇ ನಿಂತುಬಿಡುತ್ತದೆ. ಕೈಕಾಲು ಕಟ್ಟಿಸಿಕೊಂಡ ತಾಯಿ ಎಷ್ಟೋ ಹೊತ್ತು ಅಲ್ಲಾಡುವುದಿಲ್ಲ. ಆಮೇಲೆ ಕುಪ್ಪಳಿಸಿಕೊಂಡು ಹೋಗಿ ಮೊದಲು ಮಾಡುವ ಕೆಲಸ, ಟಿ.ವಿ. ಆರಿಸುವುದು. ಆಮೇಲೆ ಮೌನ. ಆಮೇಲೆ ತಂದೆಯ ಗಂಟಲಿನಿಂದ ಮನುಷ್ಯನದೆಂದು ಗುರುತೇ ಸಿಗದ ಒಂದು ಸ್ವರ. ಕಟ್ ಇಲ್ಲದೆ ಹತ್ತಿರ ಹತ್ತಿರ ಹತ್ತು ನಿಮಿಷ.

ಸಂಕಲನಕಾರನಾಗಿ ಹೇಳುತ್ತೇನೆ, ಆ ಶಾಟ್ ನನ್ನ ಕೈಗೆ ಬಂದಿದ್ದರೆ ಅದನ್ನು ಚಿಕ್ಕದು ಮಾಡು ಎಂದು ಎಲ್ಲರೂ ಹೇಳುತ್ತಿದ್ದರು. ಕೊಲೆಯ ಕ್ಷಣವನ್ನು ಎಂಟು ಕೋನದಿಂದ ತೋರಿಸಿ, ಸ್ಲೋಮೋಷನ್ನಿನಲ್ಲಿ ಹಿಗ್ಗಿಸಿ, ಸತ್ತ ಮರುಕ್ಷಣ ಮುಂದಿನ ಸೀನಿಗೆ ಹಾರುವುದು ನಮ್ಮ ರೂಢಿ. ಹಾನೆಕೆ ಅದನ್ನು ಬುಡಮೇಲು ಮಾಡಿದ. ಕೊಲೆಗೆ ಒಂದು ಸದ್ದು ಕೊಟ್ಟ, ದುಃಖಕ್ಕೆ ಹತ್ತು ನಿಮಿಷ ಕೊಟ್ಟ. ಕೊಲೆಯೆಂದರೆ ಏನೆಂದು ನಮಗೆ ತಿಳಿಯುವುದು ಆ ಹತ್ತು ನಿಮಿಷದಲ್ಲೇ.

ಆ ಚಿತ್ರದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಕೊಲೆಗಾರ ಕ್ಯಾಮೆರಾ ಕಡೆ ತಿರುಗಿ ಕಣ್ಣು ಹೊಡೆಯುತ್ತಾನೆ, ನಮ್ಮನ್ನೇ ಮಾತಾಡಿಸುತ್ತಾನೆ. ತಾಯಿ ಕೋವಿ ಕಸಿದು ಒಬ್ಬನನ್ನು ಸುಟ್ಟಾಗ ಇನ್ನೊಬ್ಬ ರಿಮೋಟ್ ಹುಡುಕಿ ಸಿನಿಮಾವನ್ನೇ ಹಿಂದಕ್ಕೆ ಓಡಿಸಿ ಸತ್ತವನನ್ನು ಬದುಕಿಸಿಕೊಳ್ಳುತ್ತಾನೆ. ನೀವು ಹಿಂಸೆ ನೋಡಲು ಬಂದವರು ತಾನೆ, ನೋಡಿ ಎಂದು ನಮ್ಮನ್ನು ಕಟಕಟೆಗೆ ಹತ್ತಿಸುವ ತಂತ್ರವದು. ದಿನದ ದುಡಿಮೆ ಮುಗಿಸಿ ಟಿಕೆಟ್ ಕೊಂಡು ಕೂತ ಪ್ರೇಕ್ಷಕ ಅಪರಾಧಿ ಎಂದು ನಾನು ನಂಬುವುದಿಲ್ಲ. ಆ ತಾಯಿ ಬದುಕಲಿ ಎಂದು ಅವನು ಬಯಸಿದ್ದು ರಕ್ತದಾಹದಿಂದಲ್ಲ, ಕರುಳಿನಿಂದ. ಆ ಬಯಕೆಗೆ ಹಾನೆಕೆ ಹೊಡೆದ ಏಟು ಅನ್ಯಾಯದ್ದು. ಬೇಸರದ ಸಂಗತಿಯೆಂದರೆ, ನಿಮ್ಮಲ್ಲಿ ಹೆಚ್ಚಿನವರು ಆ ಚಿತ್ರದಿಂದ ಎತ್ತಿಕೊಂಡಿರುವುದು ಕಣ್ಣು ಹೊಡೆಯುವುದನ್ನು, ಕೈಗವಸನ್ನು, ನಯವಾಗಿ ಮಾತಾಡುವ ಕ್ರೂರಿಯನ್ನು. ಹತ್ತು ನಿಮಿಷದ ಆ ಶಾಟನ್ನು ಯಾರೂ ಎತ್ತಿಕೊಂಡಿಲ್ಲ.

ಹಿಂಸೆಯನ್ನು ಕುಣಿತದಂತೆ ತೋರಿಸಿದ ದೊಡ್ಡ ನಿರ್ದೇಶಕರೂ ಇದ್ದಾರೆ ಎಂದು ನೀವು ಹೇಳಬಹುದು. ಇದ್ದಾರೆ. 1971ರ 'ಎ ಕ್ಲಾಕ್‌ವರ್ಕ್ ಆರೆಂಜ್'ನಲ್ಲಿ ಅಲೆಕ್ಸ್ ಮತ್ತವನ ಗುಂಪು ಅಪಘಾತವಾಗಿದೆ, ಸಹಾಯ ಬೇಕು ಎಂದು ಸುಳ್ಳು ಹೇಳಿ ಲೇಖಕನ ಮನೆ ಹೊಕ್ಕು, ಅವನ ಹೆಂಡತಿಯ ಮೇಲೆ ಎರಗುವಾಗ ಅಲೆಕ್ಸ್ ಹಳೆಯ ಹಾಲಿವುಡ್ ಹಾಡು ಹಾಡುತ್ತ ತಾಳಕ್ಕೆ ಸರಿಯಾಗಿ ಒದೆಯುತ್ತಾನೆ. ಸ್ಟ್ಯಾನ್ಲಿ ಕುಬ್ರಿಕ್‌ನ ಕೈಚಳಕವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಕುಬ್ರಿಕ್ ಬ್ರಿಟನ್ನಿನಲ್ಲಿ ಆ ಚಿತ್ರದ ಪ್ರದರ್ಶನವನ್ನು ತಾನಾಗಿಯೇ ನಿಲ್ಲಿಸಿಕೊಂಡ. 1999ರಲ್ಲಿ ಅವನು ತೀರಿಕೊಂಡ ಮೇಲೆ, 2000ದಲ್ಲಷ್ಟೇ ಅಲ್ಲಿನವರು ಅದನ್ನು ಮತ್ತೆ ಥಿಯೇಟರಿನಲ್ಲಿ ನೋಡಿದ್ದು. ಆ ಹೆಂಡತಿ ಆಮೇಲೆ ಸತ್ತಳೆಂಬ ಸುದ್ದಿ ಚಿತ್ರದಲ್ಲಿ ಗಂಡನ ಬಾಯಲ್ಲಿ ಒಂದೆರಡು ಮಾತಿನಲ್ಲಿ ಬರುತ್ತದೆ. ಜನರ ನೆನಪಿನಲ್ಲಿ ಉಳಿದದ್ದು ಅಲೆಕ್ಸ್‌ನ ಟೊಪ್ಪಿ ಮತ್ತು ಕಣ್ರೆಪ್ಪೆ.

ನಮ್ಮ ಮನೆಯ ಮಾತಿಗೆ ಬರೋಣ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ನಡೆದ ಸರಣಿ ಕೊಲೆ ದರೋಡೆಗಳ ಭಯವನ್ನು ನಿಮ್ಮ ತಾಯಂದಿರನ್ನು ಕೇಳಿ. ಆಗಷ್ಟೇ ಎದ್ದ ಬಡಾವಣೆಗಳು, ಸಾಲಿಗೊಂದು ಮನೆ, ಗಂಡಸರು ಕೆಲಸಕ್ಕೆ ಹೋದ ಹೊತ್ತು. ಕೊಲೆಗಾರರ ಗುಂಪಿನ ಹೆಂಗಸೊಬ್ಬಳು ಬಾಗಿಲು ತಟ್ಟಿ ಕುಡಿಯಲು ನೀರು ಕೇಳುತ್ತಿದ್ದಳೆಂದು ಪತ್ರಿಕೆಗಳೆಲ್ಲ ಬರೆದವು. ಬಾಯಾರಿ ಬಂದವರಿಗೆ ನೀರಿನ ಜೊತೆ ಒಂದು ಚೂರು ಬೆಲ್ಲ ಕೊಡುವುದು ನಮ್ಮಲ್ಲಿ ಯಾರೂ ಕಲಿಸಿಕೊಡಬೇಕಾದ ಸಂಗತಿಯಲ್ಲ. ಆ ನಡವಳಿಕೆಯ ಮೇಲೆಯೇ ಕತ್ತಿ ಬಿತ್ತು. ಆಮೇಲೆ ಗ್ರಿಲ್ಲಿನ ಹಿಂದೆ ನಿಂತು ಮಾತಾಡಿಸುವುದು ರೂಢಿಯಾಯಿತು, ನೀರು ಕೇಳಿದವರಿಗೆ ಬಾಗಿಲು ತೆರೆಯಬೇಡ ಎಂದು ಮಕ್ಕಳಿಗೆ ಹೇಳಿಕೊಟ್ಟರು. ಕೊಲೆಯಾದ ಮನೆಗಳಿಗಷ್ಟೇ ಆದ ನಷ್ಟವಲ್ಲ ಅದು. ಸರೋವರದ ದಡದ ಮೊಟ್ಟೆಗೂ ನಮ್ಮ ಬಡಾವಣೆಯ ನೀರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಆ ಕಥೆಯನ್ನೇ 2012ರಲ್ಲಿ ಶ್ರೀನಿವಾಸ್ ರಾಜು ಅವರು 'ದಂಡುಪಾಳ್ಯ' ಎಂದು ತೆರೆಗೆ ತಂದರು. 'ಮುಂಗಾರು ಮಳೆ'ಯ ನಾಯಕಿ ಪೂಜಾ ಗಾಂಧಿ ಎಣ್ಣೆ ಕಾಣದ ತಲೆಗೂದಲಲ್ಲಿ, ಬೀಡಿ ಕಚ್ಚಿಕೊಂಡು ಬಂದದ್ದು ಆ ನಟಿಯ ಎದೆಗಾರಿಕೆ; ಮಕರಂದ್ ದೇಶಪಾಂಡೆ ಅವರ ಅಭಿನಯ ಮೈ ನಡುಗಿಸುತ್ತದೆ. ಚಿತ್ರ ಗೆದ್ದಿತು, ಅದರ ಮುಂದುವರಿದ ಭಾಗಗಳೂ ಬಂದವು. 2017ರ ಎರಡನೆಯ ಭಾಗ ಪೊಲೀಸರ ಚಿತ್ರಹಿಂಸೆಯ ಬಗ್ಗೆ ಪ್ರಶ್ನೆ ಎತ್ತಿತು. ಎತ್ತಬೇಕಾದ ಪ್ರಶ್ನೆಯೇ. ಇಷ್ಟೆಲ್ಲ ನೋಡಿದ ನಿಮ್ಮನ್ನು ಒಂದು ಕೇಳುತ್ತೇನೆ: ಆ ಚಿತ್ರಗಳಲ್ಲಿ ಸತ್ತವರಲ್ಲಿ ಒಬ್ಬರ ಹೆಸರು ನಿಮಗೆ ನೆನಪಿದೆಯೇ? ಕೊಂದವರನ್ನು ಬೈದ ಚಿತ್ರವೂ ಕೊಂದವರನ್ನು ಅರ್ಥಮಾಡಿಕೊಳ್ಳಲು ಹೊರಟ ಚಿತ್ರವೂ ಕೊಂದವರನ್ನೇ ನೋಡುತ್ತಿದ್ದವು. ಇನ್ನು ಹೊಸಕೋಟೆ ಕಡೆಯ ದಂಡುಪಾಳ್ಯವೆಂಬ ಊರಿನಲ್ಲಿ ಹುಟ್ಟಿ, ಯಾರ ತಂಟೆಗೂ ಹೋಗದೆ ಬದುಕುತ್ತಿರುವವರ ಪಾಡು ಯೋಚಿಸಿ. ಅವರ ಊರ ಹೆಸರು ಪೋಸ್ಟರಿನ ಮೇಲೆ ರಕ್ತದ ಬಣ್ಣದಲ್ಲಿ ಮತ್ತೆ ಮತ್ತೆ ಬಂತು. ಎಲ್ಲಿ ಎಂಥ ದರೋಡೆಯಾದರೂ ಆ ಹೆಸರನ್ನೇ ಹಚ್ಚುವುದು ಇಂದಿಗೂ ನಿಂತಿಲ್ಲ. ನೈಜ ಘಟನೆ ಎಂದು ಟೈಟಲ್ ಕಾರ್ಡ್ ಹಾಕುವಾಗ ಇದೂ ನಿಮ್ಮ ಲೆಕ್ಕದಲ್ಲಿರಬೇಕು.

ಹೀಗೆ ತೋರಿಸದೆ ಬೇರೆ ದಾರಿಯಿಲ್ಲ, ಜನಕ್ಕೆ ಇದೇ ಬೇಕು ಎನ್ನಬೇಡಿ. ಯುದ್ಧ, ಮರಣ, ನಗರದ ಮುತ್ತಿಗೆಗಳನ್ನು ಅಂಕದಲ್ಲಿ ನೇರ ತೋರಿಸದೆ ಮಾತಿನ ಮೂಲಕ ತಿಳಿಸಬೇಕೆಂದು ನಾಟ್ಯಶಾಸ್ತ್ರ ಹೇಳಿತು. ಆ ಕಟ್ಟಳೆ ಇವತ್ತಿಗೆ ಬೇಕಿಲ್ಲ. ಆದರೆ ನಮ್ಮ ರನ್ನನನ್ನು ಒಮ್ಮೆ ನೆನೆಯಿರಿ. ಹತ್ತನೆಯ ಶತಮಾನದ ಆ ಕವಿ ಗದಾಯುದ್ಧಕ್ಕೆ ಕೈಹಾಕುವ ಮೊದಲು ದುರ್ಯೋಧನನನ್ನು ಸಂಜಯನ ಜೊತೆ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಅಭಿಮನ್ಯು, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ. ಒಬ್ಬೊಬ್ಬರ ಮುಂದೆಯೂ ನಿಲ್ಲಿಸುತ್ತಾನೆ, ಹೆಸರು ಹಿಡಿದು ಅಳಿಸುತ್ತಾನೆ. ಶತ್ರುವಿನ ಮಗನ ಪರಾಕ್ರಮವನ್ನು ಸೋಲುತ್ತಿರುವವನ ಬಾಯಲ್ಲೇ ಹೊಗಳಿಸುತ್ತಾನೆ. ಯುದ್ಧಕಾವ್ಯ ಓದುವ ಕನ್ನಡಿಗರು ಸಾವಿರ ವರ್ಷದಿಂದ ಮೆಚ್ಚಿಕೊಂಡು ಬಂದಿರುವ ಭಾಗ ಅದು, ಶಾಲೆಯ ಪಠ್ಯದಲ್ಲಿ ನೀವೂ ಓದಿರುತ್ತೀರಿ. ಹಾನೆಕೆಯ ಹತ್ತು ನಿಮಿಷ ನಮಗೆ ಹೊಸದೇನಲ್ಲ.

ಸಿನಿಮಾದಲ್ಲೂ ನಮಗೆ ಮೇಲ್ಪಂಕ್ತಿಯಿದೆ. 1977ರಲ್ಲಿ ಗಿರೀಶ ಕಾಸರವಳ್ಳಿ ಅವರು 'ಘಟಶ್ರಾದ್ಧ' ಮಾಡಿದರು. ಅದರಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಬದುಕಿರುವ ಯಮುನಕ್ಕನಿಗೆ ತಿಥಿ ಮಾಡಿ, ತಲೆ ಬೋಳಿಸಿ ಮನೆಯಿಂದ ಹೊರದೂಡುತ್ತಾರೆ. ಅದನ್ನು ನಾವು ನೋಡುವುದು ಅವಳನ್ನು ನೆಚ್ಚಿಕೊಂಡಿದ್ದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ಕನ್ನಡದಲ್ಲಿ ನಾನು ನೋಡಿದ ಅತ್ಯಂತ ಹಿಂಸಾತ್ಮಕ ಚಿತ್ರ ಯಾವುದೆಂದು ಕೇಳಿದರೆ ಅದನ್ನೇ ಹೆಸರಿಸುತ್ತೇನೆ.

ಸೆನ್ಸಾರ್ ಕತ್ತರಿಯ ಮೇಲೆ ನನಗೆ ನಂಬಿಕೆಯಿಲ್ಲ. ಎ ಸರ್ಟಿಫಿಕೇಟ್ ಸಿಕ್ಕ ಕೂಡಲೇ ಹೊಣೆ ಮುಗಿಯಿತು ಎಂದುಕೊಳ್ಳುವುದರಲ್ಲೂ ನಂಬಿಕೆಯಿಲ್ಲ. ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್' 1996ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ನಿಂತಾಗ, ಹೆಣ್ಣೊಬ್ಬಳನ್ನು ಬೆತ್ತಲೆ ಮಾಡಿ ಊರ ಮುಂದೆ ನಡೆಸುವ ದೃಶ್ಯವನ್ನು ತೆಗೆಯಬೇಕಿಲ್ಲ ಎಂದು ಕೋರ್ಟ್ ತೀರ್ಮಾನಿಸಿತು. ಆ ದೃಶ್ಯ ಕಾಮವನ್ನು ಕೆರಳಿಸುವುದಿಲ್ಲ, ಅನುಭವಿಸಿದವಳ ಬಗ್ಗೆ ಮರುಕವನ್ನೂ ಮಾಡಿದವರ ಬಗ್ಗೆ ಹೇಸಿಗೆಯನ್ನೂ ಹುಟ್ಟಿಸುತ್ತದೆ ಎಂಬುದು ಅದರ ನಿಲುವು. ಎಡಿಟಿಂಗ್ ಕೋಣೆಯಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ. ಈ ಕಟ್ ಯಾರ ಕಡೆಗಿದೆ? ಕತ್ತಿ ಎತ್ತಿದವನ ಮುಖದಿಂದ ಬೀಳುವ ಏಟಿಗೆ ಕಟ್ ಮಾಡಿದರೆ ನೋಡುವವನ ಮೈಯಲ್ಲಿ ಒಂದು ಬಗೆಯ ಹುಮ್ಮಸ್ಸು ಏಳುತ್ತದೆ. ಏಟು ತಿನ್ನುವವಳ ಮುಖದಲ್ಲೇ ನಿಂತರೆ ಆ ಹುಮ್ಮಸ್ಸು ಏಳುವುದಿಲ್ಲ. ಫ್ರೇಮುಗಳ ಲೆಕ್ಕದಲ್ಲಿ ಅದು ತೀರ ಸಣ್ಣ ಬದಲಾವಣೆ. ಬಿಜಿಎಂ ತೆಗೆದು ಬರೀ ಆ ಕೋಣೆಯ ಸದ್ದು ಉಳಿಸಿ ನೋಡಿ, ನಿಮ್ಮ ಎಷ್ಟು ಸೀನುಗಳು ನಿಮಗೇ ನೋಡಲಾಗದಂತೆ ಆಗುತ್ತವೆಂದು ಗೊತ್ತಾಗುತ್ತದೆ. ನೋಡಲಾಗದಂತೆ ಆದ ಸೀನೇ ನಿಜವಾದ ಸೀನು.

ಹೀಗೆ ಮಾಡಿದರೆ ಥ್ರಿಲ್ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬಿಡಿ. ಪರಿಚಯವೇ ಇಲ್ಲದವಳು ಸಾಯುತ್ತಾಳೋ ಬದುಕುತ್ತಾಳೋ ಎಂದು ಯಾರೂ ಸೀಟಿನ ತುದಿಗೆ ಬರುವುದಿಲ್ಲ. ಬಾಗಿಲು ತಟ್ಟುವ ಸದ್ದಾಗುವ ಮೊದಲು ಅವಳ ಒಂದು ಮಧ್ಯಾಹ್ನವನ್ನು ಬರೆಯಿರಿ. ಅಮ್ಮನಿಗೆ ಫೋನ್ ಮಾಡಿ ಏನು ಹೇಳಿದಳು, ಗ್ಯಾಸ್ ಸಿಲಿಂಡರ್ ತಂದ ಹುಡುಗನಿಗೆ ಮಜ್ಜಿಗೆ ಕೊಟ್ಟಳೇ, ಯಾರ ಮೇಲೆ ಕೋಪ ಇಟ್ಟುಕೊಂಡಿದ್ದಳು, ಸಂಜೆಗೆ ಏನು ಮಾಡಬೇಕೆಂದಿದ್ದಳು. ಅವಳು ಬಾಗಿಲು ತೆರೆದದ್ದನ್ನು ಪೆದ್ದುತನವೆಂದು ತೋರಿಸಬೇಡಿ. ನಿಮ್ಮ ಸ್ಕ್ರಿಪ್ಟಿನ ಇನ್‌ಸ್ಪೆಕ್ಟರ್ ಪಾತ್ರ ಹೆಣದ ಮುಂದೆ ನಿಂತು, "ಗೊತ್ತಿಲ್ಲದವರಿಗೆ ಯಾಕ್ರೀ ಬಾಗಿಲು ತೆಗೀತಾರೆ" ಎನ್ನುತ್ತಾನಲ್ಲ, ಆ ಡೈಲಾಗ್ ಕಿತ್ತುಹಾಕಿ.

ನುಗ್ಗಿದವರಿಗೂ ಹಸಿವಿರಲಿ, ಬಾಲ್ಯವಿರಲಿ, ಕಾರಣವಿರಲಿ, ನನ್ನ ಅಡ್ಡಿಯಿಲ್ಲ. ಮನುಷ್ಯರನ್ನು ಮನುಷ್ಯರಂತೆಯೇ ಬರೆಯಬೇಕು. ಆ ಕೃಪೆ ಮನೆಯೊಳಗಿದ್ದವರಿಗೂ ಸಿಗಲಿ ಎಂಬುದಷ್ಟೇ ನನ್ನ ಬೇಡಿಕೆ.

ಮುಂದಿನ ಡ್ರಾಫ್ಟ್ ಬರೆಯುವಾಗ ಕೊಲೆಯಾದ ಮೇಲೆ ಕ್ಯಾಮೆರಾವನ್ನು ಆ ಮನೆಯಿಂದ ಆಚೆ ಓಡಿಸಬೇಡಿ. ಸುದ್ದಿ ಕೇಳಿ ಮೊದಲು ಬರುವ ನೆರೆಯವಳು, ಪೊಲೀಸರು ಹೋದ ಮೇಲೆ ನೆಲ ತೊಳೆಯಬೇಕಾದವರು, ಆ ರಾತ್ರಿ ಮಗು ಎಲ್ಲಿ ಮಲಗಿತು ಎಂಬುದು, ಇವೆಲ್ಲ ನಿಮ್ಮ ಸಿನಿಮಾದಲ್ಲಿರಲಿ. ನಿರ್ಮಾಪಕರು ಲ್ಯಾಗ್ ಎನ್ನುತ್ತಾರೆ, ಇಂಟರ್ವಲ್ ಬ್ಲಾಕ್ ಹಿಂದೆ ಹೋಗುತ್ತದೆ ಎನ್ನುತ್ತಾರೆ, ಟ್ರಿಮ್ ಮಾಡಿಸಲು ನಿಮ್ಮನ್ನು ನನ್ನಂಥವರ ಬಳಿಗೆ ಕಳಿಸುತ್ತಾರೆ. ಹಠ ಹಿಡಿಯಿರಿ. ನನ್ನ ಟೇಬಲ್ಲಿಗೆ ಬಂದರೆ ಆ ದೃಶ್ಯವನ್ನು ಉಳಿಸಲು ನಿಮ್ಮ ಜೊತೆ ನಾನೂ ವಾದ ಮಾಡುತ್ತೇನೆ.

ಇತಿ ನಿಮ್ಮ,
ಒಬ್ಬ ಸಂಕಲನಕಾರ